ನೋಡುವುದೋ, ಬಿಡುವುದೋ: ಬೇಸರ ತಂದ ಧಾರಾವಾಹಿ ಮತ್ತು ಕರಾವಳಿಯ ಸಂಜೆ

ಜೂನ್ ಹಿಡಿಯಿತೆಂದರೆ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಸಂಜೆಯೆಲ್ಲ ಮನೆಯೊಳಗೇ ಕಳೆಯುತ್ತದೆ. ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ದೋಣಿಗಳು ದಡ ಸೇರಿರುತ್ತವೆ. ತೋಟದ ಕೆಲಸ ಮಳೆ ಬಿಟ್ಟಾಗಷ್ಟೆ. ದೇವರಿಗೆ ದೀಪ ಹಚ್ಚಿದ ಮೇಲೆ ರಾತ್ರಿಯ ಊಟದವರೆಗೆ ಉಳಿಯುವುದು ಟಿವಿ, ಟಿವಿಯಲ್ಲಿ ಧಾರಾವಾಹಿ. ಗಾಳಿಗೆ ಮರ ಬಿದ್ದು ಕರೆಂಟು ಹೋಗುವುದೂ, ಮಳೆಯ ಹೊಡೆತಕ್ಕೆ ಡಿಶ್‌ನ ಸಿಗ್ನಲ್ ತಪ್ಪುವುದೂ ಇದೇ ದಿನಗಳಲ್ಲಿ. ಮೂರು ದಿನ ತಪ್ಪಿಹೋದ ಕಥೆಯನ್ನು ಆಚೆಮನೆಯವರಲ್ಲಿ ವಿಚಾರಿಸಿದರೆ ಬಹಳ ಸಲ ಸಿಗುವ ಉತ್ತರ ಒಂದೇ: "ಎಂತದೂ ಆಗ್ಲಿಲ್ಲ, ಅಲ್ಲೇ ಉಂಟು."

ಮೂರು ದಿನ ಬಿಟ್ಟರೂ ಏನೂ ತಪ್ಪುವುದಿಲ್ಲವೆಂದರೆ ಮೂರು ತಿಂಗಳು ಬಿಟ್ಟರೆ ಏನು ತಪ್ಪುತ್ತದೆ? ಒಂದು ಕಾಲದಲ್ಲಿ ಪ್ರೀತಿಯಿಂದ ನೋಡಲು ಕೂತ ಧಾರಾವಾಹಿ ಈಗ ಬೇಸರ ತರುತ್ತಿದ್ದರೆ ಮುಂದುವರಿಸಬೇಕೆ, ಬಿಡಬೇಕೆ? ಮೇಲುನೋಟಕ್ಕೆ ಸಣ್ಣ ಪ್ರಶ್ನೆ. ಆದರೆ ಲೆಕ್ಕ ಸಣ್ಣದಲ್ಲ. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆಯಂತೆ ಒಂದು ಧಾರಾವಾಹಿ ವರ್ಷಕ್ಕೆ 130 ಗಂಟೆ ಕೇಳುತ್ತದೆ. ಮೂರು ಧಾರಾವಾಹಿ ನೋಡುವ ಮನೆಯಲ್ಲಿ ಅದು 390 ಗಂಟೆ. ಅಷ್ಟು ಹೊತ್ತು ನಮ್ಮ ತಾಯಂದಿರು, ಅಕ್ಕಂದಿರು, ಅನೇಕ ಗಂಡಸರೂ ಯಾವುದರ ಜೊತೆ ಕೂತಿದ್ದಾರೆ ಎಂಬುದನ್ನು ಹಗುರವಾಗಿ ಕಾಣುವುದು ನನಗೆ ಸರಿಯೆನಿಸುವುದಿಲ್ಲ.

ಬೇಸರವಾದರೂ ಜನ ಏಕೆ ಬಿಡುವುದಿಲ್ಲ? ಮೊದಲ ಕಾರಣ, ಇಷ್ಟು ದಿನ ನೋಡಿದ್ದು ವ್ಯರ್ಥವಾಗುತ್ತದಲ್ಲ ಎಂಬ ಸಂಕಟ. ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದ್ದು ನಾಟಕದ ಟಿಕೆಟುಗಳ ಮೇಲೆಯೇ ಎನ್ನುವುದು ನಮ್ಮ ವಿಷಯಕ್ಕೆ ಚೆನ್ನಾಗಿ ಹೊಂದುತ್ತದೆ. ಹಾಲ್ ಆರ್ಕ್ಸ್ ಮತ್ತು ಕ್ಯಾಥರಿನ್ ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಓಹಾಯೋ ವಿಶ್ವವಿದ್ಯಾಲಯದ ರಂಗಮಂದಿರಕ್ಕೆ ಇಡೀ ವರ್ಷದ ಟಿಕೆಟು ಕೊಂಡವರಲ್ಲಿ ಕೆಲವರಿಗೆ ಪೂರ್ತಿ ದರ, ಕೆಲವರಿಗೆ ರಿಯಾಯಿತಿ ದರ ಹಾಕಿದರು. ಪೂರ್ತಿ ಹಣ ಕೊಟ್ಟವರು ಮೊದಲರ್ಧದ ನಾಟಕಗಳಿಗೆ ಹೆಚ್ಚು ಸಲ ಹೋದರು. ನಾಟಕಗಳೆಲ್ಲ ಅವೇ, ಬೇರೆಯಾಗಿದ್ದದ್ದು ಕೊಟ್ಟ ದುಡ್ಡು ಮಾತ್ರ. ದ್ವಿತೀಯಾರ್ಧ ಬರುವಷ್ಟರಲ್ಲಿ ಆ ವ್ಯತ್ಯಾಸ ಕರಗಿತ್ತು. ನಮ್ಮ ಧಾರಾವಾಹಿಗೆ ನಾವು ಕೊಡುವುದು ದುಡ್ಡಲ್ಲ, ವರ್ಷಗಳು. ಆ ವರ್ಷಗಳ ನೆನಪು ಮಾಸದಂತೆ ದಿನವೂ ಹೊಸದಾಗಿ ಕಾಡುವ ವ್ಯವಸ್ಥೆ ಪ್ರತಿ ಸಂಚಿಕೆಯ ಕೊನೆಯ ದೃಶ್ಯದಲ್ಲೇ ಇದೆ. ಬಾಗಿಲು ಅರ್ಧ ತೆರೆಯುತ್ತದೆ, ಹೊರಗೆ ಯಾರೋ ನಿಂತಿದ್ದಾರೆ, ಮುಖ ಕಾಣುವ ಮೊದಲೇ ಸಂಚಿಕೆ ಮುಗಿಯುತ್ತದೆ. ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಮನಸ್ಸಿನಲ್ಲಿ ಉಳಿಯುತ್ತದೆಂದು ಬ್ಲೂಮಾ ಝೈಗಾರ್ನಿಕ್ 1927ರಲ್ಲೇ ಬರೆದಿದ್ದರು. ಅದನ್ನು ಪೂರ್ತಿ ಒಪ್ಪದ ಸಂಶೋಧಕರೂ ಇದ್ದಾರೆ. ಆದರೆ ರಾತ್ರಿ ಎಂಟೂವರೆಗೆ ಒಲೆ ಸಣ್ಣ ಮಾಡಿ ಬಂದು ನಿಲ್ಲುವವರಿಗೆ ಆ ಸೆಳೆತದ ಅನುಭವಕ್ಕೆ ಸಂಶೋಧನೆಯ ಅಗತ್ಯವಿಲ್ಲ.

ಎರಡನೆಯ ಕಾರಣ ಕೊನೆಯ ಮೇಲಿನ ಆಸೆ. ಖಳನಾಯಕಿಯ ಮುಖವಾಡ ಒಂದು ದಿನ ಕಳಚುತ್ತದೆ, ಸತ್ಯ ಹೊರಬರುತ್ತದೆ, ಅದನ್ನು ನೋಡಿಯೇ ಬಿಡೋಣ ಎಂಬ ಆಸೆ. ಇದನ್ನು ತೂಗಬೇಕಾದರೆ ಕನ್ನಡ ದಿನಧಾರಾವಾಹಿಯ ರಚನೆ ಹೇಗಿದೆ ಎಂದು ನೋಡಬೇಕು. ಈಟಿವಿ ಕನ್ನಡದಲ್ಲಿ 2013ರ ಡಿಸೆಂಬರಿನಲ್ಲಿ ಶುರುವಾದ 'ಅಗ್ನಿಸಾಕ್ಷಿ' ವಾಹಿನಿಯ ಹೆಸರು ಕಲರ್ಸ್ ಕನ್ನಡ ಎಂದಾದ ಮೇಲೂ ನಡೆದು 2020ರ ಆರಂಭದಲ್ಲಿ ಮುಗಿಯಿತು. ಒಂದೂವರೆ ಸಾವಿರಕ್ಕೂ ಹೆಚ್ಚು ಸಂಚಿಕೆಗಳು. ಚಂದ್ರಿಕಾಳ ಕುತಂತ್ರ ಸಿದ್ಧಾರ್ಥನಿಗೆ ಯಾವಾಗ ತಿಳಿಯುತ್ತದೆ ಎಂಬ ಒಂದು ಪ್ರಶ್ನೆಯ ಮೇಲೆ ಸನ್ನಿಧಿಯ ಕಣ್ಣೀರು ವರ್ಷಗಟ್ಟಲೆ ಹರಿಯಿತು. 'ಪುಟ್ಟಗೌರಿ ಮದುವೆ' ಹಿಂದಿಯ 'ಬಾಲಿಕಾ ವಧು'ವಿನಿಂದ ಬಂದದ್ದು. ಬಾಲ್ಯವಿವಾಹದಂಥ ಗಟ್ಟಿ ವಿಷಯ ಹಿಡಿದು ಹೊರಟಿತ್ತು. ಕೊನೆಕೊನೆಗೆ ಗೌರಿ ಕಾಡು ಪಾಲಾದ ಸಂಚಿಕೆಗಳು ನಗೆಪಾಟಲಾದವು, ಮೊದಲಿನ ವಿಷಯ ಯಾರಿಗೂ ನೆನಪಿರಲಿಲ್ಲ.

ಇನ್ನೂ ಸ್ಪಷ್ಟವಾದ ನಿದರ್ಶನ 'ಜೊತೆ ಜೊತೆಯಲಿ'. ಇದರ ಮೂಲ ಜೀ ಮರಾಠಿಯ 'ತುಲಾ ಪಾಹತೇ ರೇ'. ಮರಾಠಿಯಲ್ಲಿ ಅದು 2018ರ ಆಗಸ್ಟಿನಲ್ಲಿ ಆರಂಭವಾಗಿ 2019ರ ಜುಲೈಯಲ್ಲಿ, ಒಂದು ವರ್ಷ ತುಂಬುವ ಮೊದಲೇ, ಮುಗಿಯಿತು. ಅದೇ ಬೀಜ ಜೀ ಕನ್ನಡದಲ್ಲಿ 2019ರ ಸೆಪ್ಟೆಂಬರಿನಿಂದ 2023ರವರೆಗೆ ಬೆಳೆಯಿತು. ನಡುವೆ 2022ರ ಆಗಸ್ಟಿನಲ್ಲಿ ಆರ್ಯವರ್ಧನ್ ಪಾತ್ರದ ಅನಿರುದ್ಧ ಜತ್ಕರ್ ಧಾರಾವಾಹಿಯಿಂದ ಹೊರಬಂದರು. ಅಪಘಾತ, ಬದಲಾದ ಮುಖ ಎಂದು ಕಥೆಯನ್ನು ಹೊರಳಿಸಿ ಹರೀಶ್ ರಾಜ್ ಅವರನ್ನು ತರಬೇಕಾಯಿತು. ಒಂದೇ ಕಥೆ ಒಂದು ಭಾಷೆಯಲ್ಲಿ ಹೇಳಬೇಕಾದ್ದನ್ನು ಹೇಳಿ ಎದ್ದಿತು, ಇನ್ನೊಂದರಲ್ಲಿ ಅದರ ನಾಲ್ಕು ಪಟ್ಟು ಹತ್ತಿರ ಕೂತಿತು. ಇಲ್ಲಿ ಬರಹಗಾರರಿಗೆ ಶಕ್ತಿ ಕಡಿಮೆ ಎಂದು ನಾನು ಹೇಳುತ್ತಿಲ್ಲ. ರೇಟಿಂಗ್ ಚೆನ್ನಾಗಿರುವಷ್ಟು ದಿನ ನಿಲ್ಲಿಸುವಂತಿಲ್ಲ, ಬಿದ್ದ ದಿನ ಎಳೆಯುವಂತಿಲ್ಲ. ಹೀಗಿದ್ದಾಗ ಕಥೆಯ ಕೊನೆಯನ್ನು ನಿರ್ಧರಿಸುವವರು ಬರಹಗಾರರಲ್ಲ. ಆದ್ದರಿಂದ ಕೊನೆಗಾಗಿ ಕಾಯುವ ವೀಕ್ಷಕರು ಬರೆದೇ ಇಲ್ಲದ ಒಂದು ಪುಟಕ್ಕಾಗಿ ಕಾಯುತ್ತಿರುತ್ತಾರೆ. ನೋಡುತ್ತಲೇ ಇರಲು ಜನ ಕೊಡುವ ಕಾರಣಗಳಲ್ಲಿ ತೀರ ಬಲಹೀನವಾದದ್ದು ಇದು.

ಇದಕ್ಕೆ ವಿರುದ್ಧವಾದ ನೋವೂ ಉಂಟು. ಟಿ.ಎನ್. ಸೀತಾರಾಮ್ ಅವರ 'ಮಗಳು ಜಾನಕಿ' ಕಲರ್ಸ್ ಸೂಪರ್‌ನಲ್ಲಿ 2018ರಲ್ಲಿ ಶುರುವಾಗಿ 2020ರ ಲಾಕ್‌ಡೌನ್ ಹೊತ್ತಿಗೆ ಕೊನೆ ಕಾಣದೆ ನಿಂತಿತು. ಜನ ಬಿಡಲಿಲ್ಲ, ವಾಹಿನಿಯೇ ಬಿಟ್ಟಿತು. 1998ರ 'ಮಾಯಾಮೃಗ'ದಿಂದ ಸೀತಾರಾಮ್ ಅವರ ಜೊತೆ ಬಂದ ವೀಕ್ಷಕರ ಮನೆಗಳು ಈ ಮೂರು ತಾಲೂಕಿನಲ್ಲಿ ಬೇಕಾದಷ್ಟಿವೆ. ನ್ಯಾಯಾಲಯದ ವಾದ, ಕಚೇರಿಯ ರಾಜಕೀಯ, ಅಪ್ಪ ಮಗಳ ಮಾತುಕತೆ ಇವುಗಳಿಗಾಗಿ ಕಾದು ಕೂತಿದ್ದವರು ಅವರು. ಬೇಸರದ ಧಾರಾವಾಹಿಗಳು ಆರು ವರ್ಷ ನಡೆಯುವ ಊರಿನಲ್ಲಿ ಇಷ್ಟದ್ದೊಂದು ಎರಡೇ ವರ್ಷಕ್ಕೆ ನಿಂತದ್ದು ಅವರನ್ನು ನಿಜವಾಗಿ ನೋಯಿಸಿತು.

ಮೂರನೆಯ ಕಾರಣವನ್ನು ನಾನು ಹೆಚ್ಚು ಗೌರವದಿಂದ ನೋಡುತ್ತೇನೆ. ಹೊನ್ನಾವರದ ಶರಾವತಿ ದಂಡೆಯ ಊರುಗಳಲ್ಲಿ, ಕುಮಟಾದ ಅಘನಾಶಿನಿ ಬಯಲಿನಲ್ಲಿ, ಭಟ್ಕಳದ ಒಳನಾಡಿನಲ್ಲಿ ಮಕ್ಕಳೆಲ್ಲ ಬೆಂಗಳೂರಿಗೋ ಕೊಲ್ಲಿ ದೇಶಗಳಿಗೋ ಹೋಗಿ ಇಬ್ಬರೇ, ಕೆಲವೆಡೆ ಒಬ್ಬರೇ ಉಳಿದ ಮನೆಗಳು ಎಷ್ಟೋ. ನಾಲ್ಕಂಕಣದ ಮನೆ, ದೊಡ್ಡ ಅಂಗಳ, ಸುತ್ತ ಅಡಿಕೆ ತೋಟ, ಕತ್ತಲಾದ ಮೇಲೆ ಮಾತಿಲ್ಲ. ಅಲ್ಲಿ ಧಾರಾವಾಹಿ ಅಂದರೆ ಕಥೆಗಿಂತ ಮೊದಲು ಮನುಷ್ಯರ ದನಿ. ಎಂಟು ಗಂಟೆಗೆ ಇಂಥವಳು ಬರುತ್ತಾಳೆ, ಒಂಬತ್ತಕ್ಕೆ ಇಂಥವನು ಬರುತ್ತಾನೆ ಎಂಬ ಖಚಿತತೆಯೇ ಒಂದು ಆಸರೆ. ಅಂಥ ಮನೆಯ ಅಜ್ಜಿಗೆ ಕಥೆ ಎಳೆದಿದ್ದಾರೆಂದು ನಮಗಿಂತ ಚೆನ್ನಾಗಿ ಗೊತ್ತು. "ಇವಕ್ಕೆ ಬೇರೆ ಕೆಲಸ ಇಲ್ಲೆ" ಎಂದು ನಾಯಕನ ಅತ್ತೆಯನ್ನು ಬೈಯುತ್ತಲೇ ನೋಡುತ್ತಾರೆ. ಬೆಂಗಳೂರಿನ ಮಗಳು ಫೋನಿನಲ್ಲಿ "ಆಯಿ, ಅದನ್ನೆಲ್ಲ ನೋಡ್ಬೇಡ" ಎಂದು ಉಪದೇಶ ಮಾಡುವುದು ಸುಲಭ. ಅದೇ ಮಗಳು ವಾರಕ್ಕೆರಡು ಸಲ "ಎಂತ ಆಯ್ತು ಕಥೆ?" ಎಂದು ಕೇಳಿದರೆ ತಾಯಿಗೆ ಹೇಳಲು ಹದಿನೈದು ನಿಮಿಷದ ಮಾತು ಸಿಗುತ್ತದೆ. ದೂರ ಹೋದ ಮಕ್ಕಳಿಗೂ ಊರಿನ ಹಿರಿಯರಿಗೂ ನಡುವೆ ಹಂಚಿಕೊಳ್ಳಲು ಉಳಿದಿರುವ ವಿಷಯಗಳು ಎಷ್ಟು? ಮಳೆ, ಬೀಪಿ, ಅಡಿಕೆ ದರ. ನಾಲ್ಕನೆಯದು ಧಾರಾವಾಹಿಯಾಗಿದ್ದರೆ ಅದನ್ನು ಕಿತ್ತುಕೊಳ್ಳುವ ಮೊದಲು ನೂರು ಸಲ ಯೋಚಿಸಬೇಕು.

ಹಾಗಾಗಿ 'ಬಿಡಿ' ಎಂಬ ಸಲಹೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಹೊಂದುವುದಿಲ್ಲ. ಜೊತೆಗಾಗಿ ನೋಡುವವರಿದ್ದಾರೆ, ಕಥೆಗಾಗಿ ನೋಡುವವರಿದ್ದಾರೆ. ಇನ್ನು ಮುಂದಿನ ಮಾತು ಕಥೆಗಾಗಿ ನೋಡುವವರಿಗೆ.

ಇವರಿಗೆ ದಾರಿ ತೋರಿಸಬಲ್ಲದ್ದು ಈ ನೆಲದ ಯಕ್ಷಗಾನ ಎಂದು ನನ್ನ ನಂಬಿಕೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಹೊನ್ನಾವರ ತಾಲೂಕಿನ ಗುಣವಂತೆಯದು. ಶಂಭು ಹೆಗಡೆ, ಮಹಾಬಲ ಹೆಗಡೆ, ಚಿಟ್ಟಾಣಿ ರಾಮಚಂದ್ರ ಹೆಗಡೆ, ಕಡತೋಕಾ ಮಂಜುನಾಥ ಭಾಗವತರು ಎಲ್ಲರೂ ಇದೇ ಮಣ್ಣಿನವರು. ಇವರ ಆಟ ನೋಡಲು ರಾತ್ರಿಯಿಡೀ ಕೂತ ಜನರಿಗೆ ಕಥೆಯ ಕೊನೆ ಮೊದಲೇ ಗೊತ್ತಿತ್ತು. ಕೀಚಕ ಸಾಯುತ್ತಾನೆ, ಭಸ್ಮಾಸುರ ಬೂದಿಯಾಗುತ್ತಾನೆ, ದುಷ್ಟಬುದ್ಧಿಯ ಹೂಟ ಅವನಿಗೇ ತಿರುಗುತ್ತದೆ. ಕೊನೆ ತಿಳಿಯಲೆಂದು ಯಾರೂ ನಿದ್ದೆ ಕೆಡಲಿಲ್ಲ. ಇವತ್ತಿನ ರಾತ್ರಿ ಚಿಟ್ಟಾಣಿಯವರ ಭಸ್ಮಾಸುರ ಮೋಹಿನಿಯನ್ನು ಕಂಡ ಕ್ಷಣ ಹೇಗೆ ಬದಲಾಗುತ್ತಾನೆ ಎಂಬುದನ್ನು ನೋಡಲು ನಿದ್ದೆ ಕೆಟ್ಟರು. ನಿನ್ನೆಯ ಭಸ್ಮಾಸುರನಿಗೂ ಇಂದಿನವನಿಗೂ ಅಂತರವಿರುತ್ತಿತ್ತು. ಪ್ರೇಕ್ಷಕನೂ ತನ್ನ ಹಕ್ಕನ್ನು ಬಿಟ್ಟುಕೊಟ್ಟವನಲ್ಲ. ಹಿಡಿಸದ ಪ್ರಸಂಗದ ನಡುವೆ ಚಾಪೆಯ ಮೇಲೆ ಉರುಳಿ ಕಣ್ಣುಮುಚ್ಚುತ್ತಿದ್ದ, ಬೇಕಾದ ವೇಷದ ಪ್ರವೇಶಕ್ಕೆ ಎದ್ದು ಕೂರುತ್ತಿದ್ದ, ನಡುವೆ ಚಹಾದಂಗಡಿಗೆ ಹೋಗಿ ಆಟದ ಗುಣದೋಷ ಚರ್ಚಿಸುತ್ತಿದ್ದ. ಅವನಿಗೆ ಅದರಲ್ಲಿ ಯಾವ ತಪ್ಪೂ ಕಾಣಲಿಲ್ಲ, ಕಲಾವಿದರೂ ತಪ್ಪೆನ್ನಲಿಲ್ಲ. ಕಾಲ ಬದಲಾದಾಗ ಯಕ್ಷಗಾನವೂ ಕಾಲಮಿತಿಯ ಪ್ರದರ್ಶನಗಳಿಗೆ ಒಗ್ಗಿಕೊಂಡಿತು. ನೂರಾರು ವರ್ಷಗಳ ಕಲೆ ತನ್ನನ್ನು ಮೂರು ಗಂಟೆಗೆ ಇಳಿಸಿಕೊಳ್ಳಬಲ್ಲುದಾದರೆ ಒಂದು ಧಾರಾವಾಹಿ ತನ್ನ ಕಥೆಯನ್ನು ಒಂದು ವರ್ಷಕ್ಕೆ ಇಳಿಸಿಕೊಳ್ಳಲಾರದೆ?

ಈ ಅಳತೆಗೋಲನ್ನು ಧಾರಾವಾಹಿಗೆ ಹಿಡಿಯಬಹುದು. ಕೊನೆಯಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಈ ವಾರ ನೋಡಿದ ಐದು ಸಂಚಿಕೆಯಲ್ಲಿ ಒಂದಾದರೂ ಪಾತ್ರ ತನಗಾದ ಅನುಭವದಿಂದ ಒಂದಿಷ್ಟು ಬದಲಾಯಿತೇ ಎಂದು ಕೇಳಿಕೊಳ್ಳುವುದು. ಮೋಸ ಹೋದವಳು ಮುಂದಿನ ಸಲ ಎಚ್ಚರಾದಳೇ? ಸುಳ್ಳು ಹೇಳಿದವನಿಗೆ ಅದರ ಭಾರ ತಟ್ಟಿತೇ? ಒಂದು ತಿಂಗಳು ಈ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರವೇ ಬಂದರೆ ಅಲ್ಲಿ ಕಥೆ ನಿಂತುಹೋಗಿದೆ, ಓಡುತ್ತಿರುವುದು ಸಂಚಿಕೆಯ ಸಂಖ್ಯೆ ಮಾತ್ರ. ನಾಯಕಿ ಒಂದೇ ಮಾತು ಬಾಯಿಬಿಟ್ಟರೆ ಮುಗಿಯುವ ಸಮಸ್ಯೆಯನ್ನು ಅವಳು ಬಾಯಿಬಿಡದೆ ಆರು ತಿಂಗಳು ಹೊತ್ತರೆ ಅದು ಅವಳ ಸ್ವಭಾವದಿಂದ ಬಂದ ಮೌನವಲ್ಲ, ಹೊರಗಿನಿಂದ ಅಂಟಿಸಿದ ಪ್ಲಾಸ್ಟರ್.

ಪಾತ್ರವನ್ನೇ ಮುರಿದಾಗ ತಿಂಗಳು ಕಾಯುವ ಅಗತ್ಯವೂ ಇಲ್ಲ. 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ಆರಂಭವಾದ 'ಪುಟ್ಟಕ್ಕನ ಮಕ್ಕಳು' ಊರಿನ ಮೆಸ್ ನಡೆಸುವ ಒಬ್ಬ ತಾಯಿಯ ಕಥೆಯಾಗಿ, ಉಮಾಶ್ರೀಯವರ ಅಭಿನಯದಿಂದ, ಮನೆಮನೆಗೆ ಇಳಿಯಿತು. ಅನ್ಯಾಯಕ್ಕೆ ಎದುರು ನಿಲ್ಲುವ, ಓದಿ ದೊಡ್ಡ ಅಧಿಕಾರಿಯಾಗುವ ಮಗಳು ಸ್ನೇಹಾಳಲ್ಲಿ ಎಷ್ಟು ತಾಯಂದಿರು ತಮ್ಮ ಮಗಳನ್ನು ಕಂಡಿರಲಿಕ್ಕಿಲ್ಲ! ನಟಿ ಹೊರನಡೆದ ಮೇಲೆ 2024ರಲ್ಲಿ ಆ ಪಾತ್ರವನ್ನೇ ಸಾಯಿಸಲಾಯಿತು. ನಟಿಗೆ ಹೋಗುವ ಹಕ್ಕಿದೆ, ಅದು ಅವರ ಬದುಕು. ಆದರೆ ಯಾವ ಕನಸನ್ನು ಮೂರು ವರ್ಷ ಮಾರಲಾಯಿತೋ ಅದನ್ನು ಹೀಗೆ ಮುಗಿಸಿದ ಮೇಲೂ ವೀಕ್ಷಕರು ನಿಷ್ಠೆ ತೋರಬೇಕೆಂದು ಕೇಳುವ ಹಕ್ಕು ವಾಹಿನಿಗಿಲ್ಲ. ಅಲ್ಲಿ ಎದ್ದು ಬಂದವರು ಸರಿಯಾದ ಕಡೆಯೇ ಎದ್ದರು.

ಇನ್ನೊಂದು ಗೆರೆ ಇದಕ್ಕಿಂತ ಗಂಭೀರ. ಬಲವಂತವಾಗಿ ತಾಳಿ ಕಟ್ಟುವುದನ್ನು ಪ್ರೇಮದ ಆರಂಭವೆಂದು ತೋರಿಸುವ, ಊಟಕ್ಕೆ ವಿಷ ಬೆರೆಸುವುದನ್ನು ವಾರಗಟ್ಟಲೆ ಮನರಂಜನೆ ಮಾಡುವ, ಹೆಂಡತಿಗೆ ಕೈಯೆತ್ತಿದ ಗಂಡನನ್ನು ಎರಡು ಸಂಚಿಕೆಯಲ್ಲಿ ಕ್ಷಮಿಸಿಬಿಡುವ ದೃಶ್ಯಗಳು ಬರುತ್ತಲೇ ಇವೆ. ಪಕ್ಕದಲ್ಲಿ ಕೂತ ಹತ್ತು ವರ್ಷದ ಮಗುವಿಗೆ ಇದು ಸಹಜವೆಂದು ಅನಿಸತೊಡಗಿದರೆ ಆ ಟಿವಿಯನ್ನು ಅಂದೇ ಆರಿಸಬೇಕು. ಬೇಸರದ ಲೆಕ್ಕ ಅಲ್ಲಿ ಬರುವುದೇ ಇಲ್ಲ.

ಕೊನೆಯಿರುವ ಕಥೆ ಟಿವಿಗೆ ಹೊಸದೇನಲ್ಲ. ಆರ್.ಕೆ. ನಾರಾಯಣರ ಕಥೆಗಳ 'ಮಾಲ್ಗುಡಿ ಡೇಸ್' 1986ರಲ್ಲಿ ದೂರದರ್ಶನಕ್ಕೆ ಬಂದಾಗ ಅದನ್ನು ನಿರ್ದೇಶಿಸಿದ ಶಂಕರ್ ನಾಗ್ ಹೊನ್ನಾವರದವರು. ಘಟ್ಟದ ಮೇಲಿನ ಆಗುಂಬೆಯಲ್ಲಿ ತೆಗೆದ ಆ ಕಂತುಗಳಲ್ಲಿ ಹೆಚ್ಚಿನವು ಅರ್ಧ ಗಂಟೆಯೊಳಗೆ ಒಂದು ಕಥೆ ಹೇಳಿ ಮುಗಿಸುತ್ತಿದ್ದವು. ಇಂದಿಗೂ ಜನ ಅದನ್ನು ಹುಡುಕಿ ನೋಡುತ್ತಾರೆ. ಸದಾನಂದ ಸುವರ್ಣರ 'ಗುಡ್ಡದ ಭೂತ' ಕೆಲವೇ ಕಂತಿನದು, ಕರಾವಳಿಯವರಿಗೆ ಅದರ ನೆನಪು ಇನ್ನೂ ಹಸಿ. ಭೈರಪ್ಪನವರ 'ಗೃಹಭಂಗ'ವನ್ನು ಗಿರೀಶ ಕಾಸರವಳ್ಳಿ ಈಟಿವಿ ಕನ್ನಡಕ್ಕೆ ಧಾರಾವಾಹಿ ಮಾಡಿದಾಗ ಕಾದಂಬರಿಯೇ ಅದರ ಗಡಿಯಾಗಿತ್ತು. ಅದಕ್ಕೂ ಹಿಂದೆ, 1965ರಲ್ಲಿ ಹುಟ್ಟಿದ 'ಸುಧಾ', 1983ರ 'ತರಂಗ' ವಾರವಾರ ಕೊಟ್ಟ ಕಾದಂಬರಿಗಳು ಓದುಗರನ್ನು ಕಾಯಿಸಿದವು, ಕಾಯಿಸಿ ಮುಗಿಸಿದವು. ಭಟ್ಕಳದಲ್ಲಿ ಉರ್ದು ಬಲ್ಲ ಮನೆಗಳಿಗೆ ಬೇರೊಂದು ಮಾದರಿಯೂ ಪರಿಚಿತ. 2014ರಲ್ಲಿ ಶುರುವಾದ ಜಿಂದಗಿ ವಾಹಿನಿ ಪಾಕಿಸ್ತಾನದ ನಾಟಕಗಳನ್ನು ಭಾರತಕ್ಕೆ ತಂದಾಗ ಇಲ್ಲಿನವರು ಮೆಚ್ಚಿದ್ದು ಅವುಗಳ ಮಾತಿನ ಸೊಗಸನ್ನಷ್ಟೇ ಅಲ್ಲ, ಇಪ್ಪತ್ತು ಮೂವತ್ತು ಕಂತಿಗೆ ಅವು ಮುಗಿಯುತ್ತವೆ ಎಂಬುದನ್ನೂ. 'ಹಮ್‌ಸಫರ್' ಇಪ್ಪತ್ತಮೂರೇ ಕಂತು. ಕೊರಿಯಾದ ಅನೇಕ ಧಾರಾವಾಹಿಗಳಿಗೆ ಹದಿನಾರು ಕಂತು ಸಾಕು. ಲ್ಯಾಟಿನ್ ಅಮೆರಿಕದ ಟೆಲಿನಾವೆಲಾಗಳು ದಿನವೂ ಬಂದರೂ ಕೆಲವು ತಿಂಗಳಲ್ಲಿ ಮದುವೆಯನ್ನೋ ಸಾವನ್ನೋ ತಲುಪಿ ನಿಲ್ಲುತ್ತವೆ.

ದಿನಧಾರಾವಾಹಿಯಲ್ಲೂ ಮನಸ್ಸಿಟ್ಟರೆ ಒಳ್ಳೆಯದನ್ನು ಕೊಡಲು ಆಗುತ್ತದೆ. 2020ರಿಂದ 2023ರವರೆಗೆ ಕಲರ್ಸ್ ಕನ್ನಡದಲ್ಲಿ ಬಂದ 'ಕನ್ನಡತಿ'ಯಲ್ಲಿ ರಂಜನಿ ರಾಘವನ್ ಅವರ ಭುವನೇಶ್ವರಿ ಕನ್ನಡ ಮೇಷ್ಟ್ರು. ಸಂಚಿಕೆಯ ಕೊನೆಗೆ ಬರುತ್ತಿದ್ದ ಪುಟ್ಟ ಕನ್ನಡ ಪಾಠಕ್ಕಾಗಿಯೇ ಕೂತವರಿದ್ದರು. ಕಥೆ ಸೊರಗಿದ ವಾರಗಳಲ್ಲೂ ಅಂದಿನ ಅರ್ಧ ಗಂಟೆಗೆ ಏನೋ ಒಂದು ಬೆಲೆ ಇರುತ್ತಿತ್ತು. ನೋಡುಗರಿಗೆ ದಿನವೂ ಏನಾದರೂ ಕೊಡುವ ಈ ಕಾಳಜಿಯನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

ಪೂರ್ತಿ ಬಿಡಲು ಮನಸ್ಸಿಲ್ಲದವರಿಗೆ ನಡುವಿನ ದಾರಿಯೂ ಇದೆ. ಮೊಬೈಲಿನಲ್ಲಿ ಓಡಿಸಿ ನೋಡುವುದು, ಪ್ರೋಮೋ ನೋಡಿ ಬೇಕಾದ ದಿನ ಮಾತ್ರ ಕೂರುವುದು. ಕೇಬಲ್ ನಿಯಮದ ಪ್ರಕಾರ ಗಂಟೆಗೆ ಜಾಹೀರಾತು 12 ನಿಮಿಷ ಮೀರುವಂತಿಲ್ಲ. ಅರ್ಧ ಗಂಟೆಯಲ್ಲಿ ಆರು ನಿಮಿಷ ಅದಕ್ಕೆ ಹೋದರೆ, ಹಿಂದಿನ ದಿನದ ಮರುದೃಶ್ಯ ಮತ್ತು ಶೀರ್ಷಿಕೆ ಗೀತೆ ಕಳೆದು ಉಳಿಯುವುದು ಇಪ್ಪತ್ತು ನಿಮಿಷದ ಆಸುಪಾಸು. ಅದರಲ್ಲೂ ಒಬ್ಬರ ಮಾತಿಗೆ ಐದು ಜನರ ಮುಖ ತೋರಿಸುವ ಹೊತ್ತು ಎಷ್ಟೆಂದು ನೋಡುತ್ತಾ ಬಂದವರಿಗೆ ಗೊತ್ತು. ಹೀಗೆ ಹಾರಿಸಿ ನೋಡುವುದು ಮೋಸವಲ್ಲ, ಆಟದ ಬಯಲಿನಲ್ಲಿ ನಮ್ಮ ಹಿರಿಯರು ಮಾಡಿದ್ದೂ ಇದನ್ನೇ.

ಆದರೆ ನಾವು ಬಿಟ್ಟರೆ ವಾಹಿನಿಗೆ ತಿಳಿಯುತ್ತದೆಯೇ? ಬಹುಮಟ್ಟಿಗೆ ಇಲ್ಲ. ಟಿವಿ ರೇಟಿಂಗ್ ಅಳೆಯುವ ಬಾರ್ಕ್ ಸಂಸ್ಥೆಯ ಮೀಟರುಗಳು ಇಡೀ ದೇಶದಲ್ಲಿ 2025ರ ಹೊತ್ತಿಗೆ ಇದ್ದದ್ದು ಸುಮಾರು 58 ಸಾವಿರ ಮನೆಗಳಲ್ಲಿ, ಅವು ಯಾವ ಮನೆಗಳೆಂಬುದು ಗೋಪ್ಯ. ಪ್ರತಿ ಗುರುವಾರ ಬರುವ ಅಂಕಿ ಆ ಮನೆಗಳದ್ದು. ಮುರ್ಡೇಶ್ವರದ ಒಂದು ಮನೆ ಬೇಸತ್ತು ಟಿವಿ ಆರಿಸಿದರೆ ಆ ಸುದ್ದಿ ಬೆಂಗಳೂರಿಗೆ ಮುಟ್ಟುವುದಿಲ್ಲ. ನಿಷ್ಠೆಯಿಂದ ನೋಡುತ್ತಾ ಕೂತರೂ ಮುಟ್ಟುವುದಿಲ್ಲ. ಆದ್ದರಿಂದ ಧಾರಾವಾಹಿ ನಿಂತುಹೋದೀತು, ಪಾಪ, ಕಲಾವಿದರ ಹೊಟ್ಟೆಪಾಡು ಎಂಬ ಕರುಣೆಯಿಂದ ನೋಡಬೇಕಾದ್ದೂ ಇಲ್ಲ.

ತಿಳಿಸುವ ದಾರಿ ಬರಹ. ಆಕ್ಷೇಪಾರ್ಹ ದೃಶ್ಯಗಳ ದೂರು ಆಲಿಸಲು ಪ್ರಸಾರಕರೇ 2011ರಲ್ಲಿ ರಚಿಸಿದ ಬಿಸಿಸಿಸಿ ಎಂಬ ಮಂಡಳಿ ಇದೆ. ವಾಹಿನಿಗಳು ಪರದೆಯ ಮೇಲೆ ಅದರ ವಿವರ ಹಾಕುತ್ತವೆ, ನಾವು ಓದುವುದಿಲ್ಲ. ಹಿಂಸೆಯ ದೃಶ್ಯವಾದರೆ ಅಲ್ಲಿಗೆ ಬರೆಯಿರಿ. ಕಥೆ ಕೆಟ್ಟಿದ್ದರೆ ವಾಹಿನಿಗೆ ಬರೆಯಿರಿ. ಪಾತ್ರದ ಹೆಸರು ಹಿಡಿದು, ಯಾವ ವಾರದಿಂದ ಅವಳು ಅವಳಾಗಿ ಉಳಿಯಲಿಲ್ಲ ಎಂದು ಕನ್ನಡದಲ್ಲೇ ಬರೆಯಿರಿ. ವಾಹಿನಿಗಳವರಲ್ಲಿ ನನ್ನದೊಂದು ಕೋರಿಕೆ: ಹೊಸ ಧಾರಾವಾಹಿ ಆರಂಭಿಸುವ ದಿನವೇ ಅದು ಎಷ್ಟು ಸಂಚಿಕೆಯದೆಂದು ಹೇಳಿ, ಹೇಳಿದ ಮಾತಿಗೆ ನಿಲ್ಲಿ. ಓದುಗರೇ, ಈಗ ನೋಡುತ್ತಿರುವುದರಲ್ಲಿ ಯಾವ ಪಾತ್ರಕ್ಕಾಗಿ ಕೂತಿರೋ ಆ ಪಾತ್ರ ಇನ್ನೂ ಅಲ್ಲಿದ್ದರೆ ನೋಡಿ. ಇಲ್ಲವಾದರೆ ಈ ಸೋಮವಾರದಿಂದಲೇ ಬಿಡಿ. ಮನೆಯ ಹಿರಿಯರು ನೋಡುತ್ತಿದ್ದರೆ ಮಾತ್ರ ರಿಮೋಟಿಗೆ ಕೈ ಹಾಕದೆ ಹತ್ತು ನಿಮಿಷ ಅವರ ಪಕ್ಕದಲ್ಲಿ ಕೂತು, ಕಥೆ ಎಲ್ಲಿಗೆ ಬಂತೆಂದು ಕೇಳಿ.